ಐಸ್ ಸಾಹುಕಾರರ ಬಲಗಿವಿ

ಅವರ ಬಲಗಿವಿಯ ಹಾಲೆ ಎಡಗಿವಿಯದಕ್ಕಿಂತ ಕೆಂಪಗಿತ್ತು. ಗುರುವಾರವಂತೂ ಅದು ದಾಸವಾಳದ ಎಸಳಿನಂತೆ ಕಾಣುತ್ತಿತ್ತು. ಬೆಳಗ್ಗೆ ಏಳಕ್ಕೆಲ್ಲ ಐಸ್ ಫ್ಯಾಕ್ಟರಿಯ ಕಟ್ಟೆಯ ಮೇಲೆ ಕೂತು, ಅಂಗೈ ಅಗಲದ ಪ್ಲಾಸ್ಟಿಕ್ ಐಸ್‌ಪ್ಯಾಕ್‌ಗಳನ್ನು ಒಂದೊಂದಾಗಿ ಎತ್ತಿ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅಲುಗಿಸುತ್ತಿದ್ದರು. ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಒಳಗೆ ನೀರಿದೆಯೇ ಎಂದು ಅಲುಗಿಸಿ ಕೇಳುತ್ತಾರಲ್ಲ, ಹಾಗೆ. ಒಳಗೆ ನೀರು ಗುಳುಕ್ ಎಂದರೆ ಆ ಪ್ಯಾಕ್ ನನ್ನ ಲಸಿಕೆ ಡಬ್ಬಿಗೆ ಬರುತ್ತಿತ್ತು. ಸದ್ದು ಬರದಿದ್ದರೆ ಮತ್ತೆ ಕಟ್ಟೆಯ ಮೇಲೆ, ಬಿಸಿಲಿಗೆ.

"ಇದು ಇನ್ನಾ ಮಾತಾಡವಲ್ದು," ಎನ್ನುತ್ತಿದ್ದರು. "ಐಸ್ ಮಾತಾಡ್ಬೇಕ್ರಿ ಸಿಸ್ಟರಮ್ಮ. ಮೂಕ ಐಸ್ ಭಾಳ ಕೆಟ್ಟದ್ದು."

ಐಸ್ ಮಾರಿ ಬದುಕಿದ ಮನುಷ್ಯ ಗಟ್ಟಿ ಐಸಿಗೆ ಹೆದರುವುದನ್ನು ಮೊದಲಿನಿಂದ ಕಲಿತವರಲ್ಲ. ಆ ಹೆದರಿಕೆ ಬಂದ ದಿನ ನಾನು ಅವರ ಎದುರಿಗೇ ಇದ್ದೆ. ಅದಕ್ಕೆ ಕಾರಣವೂ ನಾನೇ. ಇದನ್ನು ನಾಲ್ಕು ಜನರ ಮುಂದೆ ಹೇಳಲು ಅವರು ಬದುಕಿರುವವರೆಗೂ ನನ್ನನ್ನು ಬಿಡಲಿಲ್ಲ. ಈಗ ಬೇಡ ಎನ್ನಲು ಅವರಿಲ್ಲ.

ನಾನು ಕಂಪ್ಲಿಯವಳು. ಎಸ್ಸೆಸ್ಸೆಲ್ಸಿ ಆದ ಮೇಲೆ ತರಬೇತಿ ಮುಗಿಸಿ ಸಂಡೂರು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ಬಂದೆ. ಸರ್ಕಾರದ ಕಾಗದದಲ್ಲಿ ನಾನು ಕಿರಿಯ ಆರೋಗ್ಯ ಸಹಾಯಕಿ, ಜನರ ಬಾಯಲ್ಲಿ ಸಿಸ್ಟರ್. ಪ್ರತಿ ಗುರುವಾರ ನೀಲಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಯಶವಂತನಗರದ ಕಡೆಯ ಹಳ್ಳಿಗಳಿಗೂ ಗಣಿ ಕೂಲಿಗಳ ಗುಡಿಸಲುಗಳಿಗೂ ಹೋಗಿ ಮಕ್ಕಳಿಗೆ ಲಸಿಕೆ ಹಾಕುವುದು ನನ್ನ ಕೆಲಸ. ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳವು. ಲಾರಿಗಳು ಒಂದರ ಬೆನ್ನಿಗೊಂದು ನಿಂತಿರುತ್ತಿದ್ದವು. ಬೇವಿನ ಎಲೆ, ಎಮ್ಮೆಯ ಬೆನ್ನು, ಒಣಹಾಕಿದ ಸೀರೆ ಎಲ್ಲವೂ ಅದಿರಿನ ಧೂಳಿಗೆ ಕೆಂಪು. ಆ ಊರಿನಲ್ಲಿ ಬೆಳ್ಳಗೆ ಉಳಿದದ್ದು ಐಸ್ ಸಾಹುಕಾರರ ಐಸು ಮತ್ತು ಅವರ ಧೋತ್ರ, ಎರಡೇ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಅವರು ಹಣೆ ತುಂಬ ವಿಭೂತಿ ಹಚ್ಚುವ ಮನೆತನದವರು. ಆದರೆ ಐಸಿನ ಕೆಲಸ ಕಲಿತದ್ದು ಹೊಸಪೇಟೆಯಲ್ಲಿ, ಡ್ಯಾಮಿನ ಮೀನಿಗೆ ಐಸ್ ಒದಗಿಸುವ ಕಾರ್ಖಾನೆಯಲ್ಲಿ. ರಜೆಗೆ ಮನೆಗೆ ಬಂದರೆ ಅವರ ತಾಯಿ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿ ಎರಡು ಕೊಡ ನೀರು ಸುರಿದು ಒಳಗೆ ಕರೆಯುತ್ತಿದ್ದರಂತೆ. "ಲಿಂಗ ಕಟ್ಟಿಕೊಂಡು ಮೀನು ಮಲಗ್ಸಿದಾವ ನಾನು," ಎಂದು ನಗುತ್ತಿದ್ದರು. ಆಮೇಲೆ ಸಂಡೂರಿನಲ್ಲಿ ಸ್ವಂತ ಫ್ಯಾಕ್ಟರಿ ಹಾಕಿದರು. ಫ್ಯಾಕ್ಟರಿ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು, ಉಪ್ಪುನೀರಿನ ತೊಟ್ಟಿ, ಗುಡುಗುಡು ಎನ್ನುವ ಜನರೇಟರು, ಮತ್ತು ಐಸಿನ ದಿಮ್ಮಿಗಳನ್ನು ಜೋಡಿಸಿಡುವ ಒಂದು ಕತ್ತಲೆಯ ಕೋಣೆ. ಸೋಡಾದವರು, ಕಬ್ಬಿನ ಹಾಲಿನವರು, ನೀರಿನ ಕ್ಯಾನಿಗೆ ಐಸ್ ಹಾಕಿಕೊಳ್ಳುವ ಲಾರಿ ಡ್ರೈವರುಗಳು ಅವರ ಗಿರಾಕಿಗಳು. ಹೇಳಿದ ಹೊತ್ತಿಗೆ ಹೇಳಿದ ತೂಕ ಕೊಡುವುದು ಅವರ ಹಟ. "ಆಡಿದ ಮಾತು, ಒಡದ ಐಸ್ ಇಟಗೊಂಡು ಕುಂದ್ರಬಾರ್ದು" ಎನ್ನುವುದು ಅವರದೇ ಗಾದೆ.

ನನಗೆ ಅವರ ಪರಿಚಯವಾದದ್ದು ಪೋಲಿಯೊ ಭಾನುವಾರದ ಹಿಂದಿನ ದಿನ. ಆಸ್ಪತ್ರೆಯಲ್ಲಿ ಕರೆಂಟು ಹೋಗಿ ಅರ್ಧ ದಿನವಾಗಿತ್ತು, ಫ್ರಿಜ್ಜಿನಲ್ಲಿ ಪೋಲಿಯೊ ಹನಿಯ ಸೀಸೆಗಳಿದ್ದವು. ಅವು ಬಿಸಿಗೆ ಬೇಗ ಕೆಡುತ್ತವೆ. ಸೀಸೆಯ ಮೇಲೊಂದು ಗುರುತಿರುತ್ತದೆ, ದುಂಡನೆಯ ಬಣ್ಣದೊಳಗೆ ಬಿಳಿಯ ಚೌಕ. ಆ ಬಿಳಿ ಕಪ್ಪಾದರೆ ಸೀಸೆಯನ್ನು ಎಸೆಯಬೇಕು. ನಾನು ಡಬ್ಬಿ ಎತ್ತಿಕೊಂಡು ಜನರೇಟರು ಇರುವ ಜಾಗ ಯಾವುದೆಂದು ಕೇಳುತ್ತ ಅವರಲ್ಲಿಗೆ ಹೋದೆ. ಅವರು ಒಂದು ಮಾತೂ ಕೇಳದೆ ಎರಡು ದಿಮ್ಮಿಗಳ ನಡುವೆ ಗೋಣಿತಾಟು ಹಾಸಿ, ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಸೀಸೆಗಳನ್ನು ಮಲಗಿಸಿದರು. ಮರುದಿನ ಅಷ್ಟೂ ಗಟ್ಟಿಯಾಗಿದ್ದವು. ಪೋಲಿಯೊ ಹನಿಗೆ ಅದರಿಂದ ಏನೂ ಆಗುವುದಿಲ್ಲ, ಒಳ್ಳೆಯದೇ. ಬಿಳಿ ಚೌಕ ಬಿಳಿಯಾಗಿಯೇ ಇತ್ತು. ನಮ್ಮ ಡಾಕ್ಟರು ಖುದ್ದು ಬಂದು ಕೈಮುಗಿದರು. ಆ ದಿನ ಸಾಹುಕಾರರು ಬಂದ ಗಿರಾಕಿಗಳಿಗೆಲ್ಲ ಅದೇ ಸುದ್ದಿ ಹೇಳಿದರಂತೆ. ಅಂದಿನಿಂದ ನನ್ನ ಐಸ್‌ಪ್ಯಾಕ್‌ಗಳೂ ಅವರ ಕೋಣೆಯಲ್ಲೇ ಹೆಪ್ಪುಗಟ್ಟತೊಡಗಿದವು.

ಅದಾಗಿ ನಾಲ್ಕೈದು ತಿಂಗಳಿಗೆ, ಒಂದು ಬುಧವಾರ, ಅದಿರಿನ ಲಾರಿಯೊಂದು ವಿದ್ಯುತ್ ಕಂಬಕ್ಕೆ ಗುದ್ದಿ ನಮ್ಮ ಸಾಲಿಗೆಲ್ಲ ಕರೆಂಟು ಹೋಯಿತು. ಎರಡು ದಿನ ಬರುವುದಿಲ್ಲವೆಂದರು. ಮಾರನೆಯ ದಿನ ಗುರುವಾರ. ಈ ಸಲ ನನ್ನ ಹತ್ತಿರ ಇದ್ದದ್ದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ ಹಾಕುವ ಡಿಪಿಟಿ ಸೂಜಿಮದ್ದು. ಹೊತ್ತು ಮುಳುಗುವ ಮುಂಚೆ ಅವರಿಗೆ ಒಪ್ಪಿಸಿ, ತಣ್ಣಗಿಡಿ ಎಂದೆ. ಬಸ್ಸು ಹಿಡಿಯುವ ಅವಸರ. ಅಷ್ಟೇ ಹೇಳಿದ್ದು.

ಪೋಲಿಯೊ ಹನಿಗೆ ಬಿಸಿ ಶತ್ರು. ಡಿಪಿಟಿಗೆ ಬಿಸಿಯೂ ಶತ್ರು, ಹೆಪ್ಪುಗಟ್ಟುವ ಚಳಿ ಇನ್ನೂ ದೊಡ್ಡ ಶತ್ರು. ಒಮ್ಮೆ ಗಟ್ಟಿಯಾಗಿ ಕರಗಿತೆಂದರೆ ಅದರ ಕಸುವು ಹೋಗುತ್ತದೆ. ನೋಡಲು ಮಾತ್ರ ಮೊದಲಿನ ಹಾಗೇ ಇರುತ್ತದೆ. ಇದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ಬರೆಸಿದ್ದರು. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಚಳಿಗೆ ಹೆದರಿ ಅಭ್ಯಾಸವಿಲ್ಲ. ಬಿಸಿಲಿನಿಂದ ಉಳಿಸಿದರೆ ಎಲ್ಲವೂ ಉಳಿಯಿತು ಎಂದೇ ನಮ್ಮ ಲೆಕ್ಕ. ಸಾಹುಕಾರರು ಕಳೆದ ಸಲಕ್ಕಿಂತ ಹೆಚ್ಚು ಪ್ರೀತಿಯಿಂದ, ತೊಟ್ಟಿಯಿಂದ ಆಗ ತಾನೇ ತೆಗೆದ ದಿಮ್ಮಿಗಳ ನಡುವೆ ಇಟ್ಟರು. ಬೆಳಗ್ಗೆ ನಾನು ಬರುವ ಮುಂಚೆ ಹೊರಗೆ ತೆಗೆದು, ಒರೆಸಿ, ಸಾಲಾಗಿ ನಿಲ್ಲಿಸಿದ್ದರು. ನಾನು ಹೋಗುವ ಹೊತ್ತಿಗೆ ಎಲ್ಲ ಕರಗಿ ನೀರಾಗಿತ್ತು. ಅನುಮಾನ ಬರಲು ಏನೂ ಇರಲಿಲ್ಲ.

ಆ ದಿನ ಗಣಿ ಗುಡಿಸಲುಗಳಲ್ಲಿ ಮೂವತ್ತೊಂದು ಮಕ್ಕಳಿಗೆ ಸೂಜಿ ಹಾಕಿದೆ.

ಸಂಜೆ ನಾಲ್ಕರ ಹೊತ್ತಿಗೆ ಪ್ಯಾಕ್‌ಗಳನ್ನು ಕೊಡಲು ಹೋದಾಗ ಅವರು ಕುರ್ಚಿ ಎಳೆದು ಹಾಕಿ, ಕೆಲಸ ಹೇಗಾಯಿತೆಂದು ಕೇಳಿ, ಹೆಮ್ಮೆಯಿಂದ ಅಂದರು, "ಈ ಸಲ ಪೋಲಿಯೊಕ್ಕಿಂತ ಚೊಲೊ ಆಗಿದ್ವು ನೋಡ್ರಿ. ಕಲ್ಲ ಆಗಿದ್ವು. ನೆಲಕ್ಕ ಒಗದ್ರೂ ಒಡಿತಿದ್ದಿಲ್ಲ."

ನಾನು ಡಬ್ಬಿಯ ಮುಚ್ಚಳ ತೆಗೆದೆ. ಏನಾಯಿತೆಂದು ಅವರು ಕೇಳುತ್ತಲೇ ಇದ್ದರು. ಕೊನೆಗೆ ಬಾಯಿಂದ ಹೇಳುವ ಬದಲು ತೋರಿಸಿದೆ. ಉಳಿದಿದ್ದ ಸೀಸೆಗಳಲ್ಲಿ ಒಂದನ್ನೂ, ಹಿಂದಿನ ದಿನ ಅವರಿಗೆ ಒಪ್ಪಿಸಲು ಮರೆತು ನನ್ನ ಡಬ್ಬಿಯಲ್ಲೇ ಉಳಿದಿದ್ದ ಇನ್ನೊಂದನ್ನೂ ಕೈಯಲ್ಲಿ ಹಿಡಿದು ಒಟ್ಟಿಗೆ ಚೆನ್ನಾಗಿ ಅಲುಗಿಸಿ ಮೇಜಿನ ಮೇಲೆ ಇಟ್ಟೆ. ಇಬ್ಬರೂ ನೋಡುತ್ತ ಕೂತೆವು. ಗಿರಾಕಿಗಳು ಬಂದು ಕರೆದರೂ ಅವರು ಏಳಲಿಲ್ಲ. ಅರ್ಧ ಗಂಟೆಯಲ್ಲಿ ಡಬ್ಬಿಯ ಸೀಸೆ ಕದಡಿದ ಸುಣ್ಣದ ನೀರಿನಂತೆ ಒಂದೇ ಸಮ ಮಬ್ಬಾಗಿಯೇ ಇತ್ತು. ಹೆಪ್ಪುಗಟ್ಟಿದ್ದರಲ್ಲಿ ಚೂರುಗಳು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತ್ತು.

"ಇದ ಸತ್ತೈತಿ ಅಲ್ಲ?" ಎಂದರು.

ಹೌದೆಂದೆ. ಮಕ್ಕಳ ಜೀವಕ್ಕೆ ಏನೂ ಆಗುವುದಿಲ್ಲ. ಆದರೆ ಅವರಿಗೆ ಸಿಗಬೇಕಾದ ಕಾಪು ಸಿಕ್ಕಿಲ್ಲ, ಸಿಕ್ಕಿದೆ ಎಂದು ಕಾರ್ಡಿನಲ್ಲಿ ನಾನು ಬರೆದುಕೊಟ್ಟಿದ್ದೇನೆ ಎಂದೆ.

ಡಾಕ್ಟರಿಗೆ ಹೇಳಿದೆ. ಅವರು ಒಳ್ಳೆಯವರೇ. ಆದರೆ ಮೂರು ಆಸ್ಪತ್ರೆಯ ಕೆಲಸವನ್ನು ಒಬ್ಬರೇ ನೋಡುತ್ತಿದ್ದರು. ಸಾಧ್ಯವಾದಷ್ಟು ಮಕ್ಕಳನ್ನು ಹುಡುಕಿ ಮತ್ತೆ ಹಾಕು, ಸಿಗದವರಿಗೆ ಮುಂದಿನ ಡೋಸ್ ಹೇಗೂ ಇದೆಯಲ್ಲ ಎಂದರು. ಗಣಿ ಕೂಲಿಗಳನ್ನು ಕಂಡವರಿಗೆ ಅದು ಸುಲಭವಲ್ಲವೆಂದು ಗೊತ್ತು. ಇವತ್ತು ಇಲ್ಲಿದ್ದ ತಾಡಪಾಲಿನ ಗುಡಿಸಲು ನಾಳೆ ಇನ್ನೊಂದು ಗುಡ್ಡದ ಬುಡದಲ್ಲಿ. ಸಿಕ್ಕರೂ, ಒಮ್ಮೆ ಚುಚ್ಚಿಸಿಕೊಂಡು ಜ್ವರ ಬಂದ ಕೂಸನ್ನು ಯಾವ ತಾಯಿ ಮತ್ತೆ ಕೊಡುತ್ತಾಳೆ?

ಹೊಸ ಸೀಸೆಗಳು ಬಂದ ಮೇಲೆ, ಶನಿವಾರ ಬೆಳಗ್ಗೆ ನಾನು ಹೊರಟಾಗ ಆಸ್ಪತ್ರೆಯ ಮುಂದೆ ಐಸ್ ಸಾಗಿಸುವ ಅವರ ಆಟೊ ನಿಂತಿತ್ತು. ಸಾಹುಕಾರರು ಮುಂದೆ ಕೂತಿದ್ದರು. ಮೊದಲನೆಯ ಗುಡಿಸಲಿನ ಮುಂದೆ ಇಳಿದು, ನಾನು ಬಾಯಿ ತೆರೆಯುವ ಮುಂಚೆ, ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತರು. ದೊಡ್ಡವರ ಮುಂದೆ ನಿಲ್ಲುವ ಹಾಗೆ, ಒಬ್ಬ ಕೂಲಿ ಹೆಂಗಸಿನ ಮುಂದೆ.

"ತಂಗೆವ್ವ, ನಿನ್ನ ಕೂಸಿನ ಮದ್ದು ಕೆಡಿಸಿದಾವ ನಾನು. ಐಸಿನಾಗ ಇಟ್ಟು ಸಾಯಿಸಿಬಿಟ್ಟೆ. ಸಿಸ್ಟರಮ್ಮಂದು ಇದ್ರಾಗ ಏನೂ ತಪ್ಪಿಲ್ಲ. ಇನ್ನೊಮ್ಮೆ ಹಾಕಸ್ಕೊ."

ಸುತ್ತ ಜನ ಸೇರಿದರು. ಹಿಂದಿನಿಂದ ಒಬ್ಬ ಮುದುಕಿ, ಎಲೆಯಡಿಕೆ ಉಗುಳಿ ಬಂದು, ಅವರನ್ನು ಕಾಲಿಂದ ತಲೆಯವರೆಗೆ ನೋಡಿದಳು. "ನೀವು ಕೆಡಸೂದು, ನಮ್ಮ ಕೂಸು ಅಳೂದು. ಚೊಲೊ ಐತೆಪ ನ್ಯಾಯ. ಮೊದ್ಲ ನೀವು ಚುಚ್ಚಿಸ್ಕೋರಿ ಸಾವ್ಕಾರ್ರ, ನೋಡೂಣು."

ಎಲ್ಲ ನಕ್ಕರು. ಸಾಹುಕಾರರು ನಗಲಿಲ್ಲ. ಅಂಗಿಯ ತೋಳು ಮಡಚಿ ಕಲ್ಲಿನ ಮೇಲೆ ಕೂತರು. ಹಗಲೂ ರಾತ್ರಿ ತುಕ್ಕು ಹಿಡಿದ ಕಬ್ಬಿಣದ ಜೊತೆ ಕೆಲಸ ಮಾಡುವವರು, ಧನುರ್ವಾಯುವಿನ ಸೂಜಿ ಹಾಕಿಸಿಕೊಂಡು ಎಷ್ಟೋ ವರ್ಷವಾಗಿತ್ತು. ದೊಡ್ಡವರಿಗೆ ಹಾಕುವ ಆ ಮದ್ದೂ ನನ್ನ ಡಬ್ಬಿಯಲ್ಲಿತ್ತು. ಹಾಕಿದೆ. ಸೂಜಿ ಕಂಡರೆ ಅವರಿಗೆ ಹೆದರಿಕೆ ಎಂದು ಆಗಲೇ ಗೊತ್ತಾದದ್ದು. ಮುಖ ಆಚೆ ತಿರುಗಿಸಿ, ಶಿವಶಿವಾ ಎಂದು ಕಣ್ಣು ಮುಚ್ಚಿದರು. ಮುದುಕಿ ಒಳಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಮುಂದಿನ ಗುಡಿಸಲುಗಳಲ್ಲಿ ಅವರು ಬಾತುಕೊಂಡ ತೋಳು ತೋರಿಸುತ್ತ ಹೋದರು.

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದು, ಗಟ್ಟಿಯಾಗಬಾರದು ಎಂದು ಹೇಳಬೇಕಾದವಳು ನಾನು, ನಾಳೆ ನಾನೇ ಎಲ್ಲರಿಗೂ ಹೇಳುತ್ತೇನೆ ಎಂದೆ. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದವರು ಆ ದಿನ ಮೊದಲ ಸಲ ಮನೆಮಗಳನ್ನು ಕರೆದ ಹಾಗೆ ಕರೆದರು.

"ಸುಮ್ಕಿರು ಯವ್ವಾ. ನಾಳೆ ಅವ್ರು ನಿನ್ನ ಕೈಯಾಗಿನ ಸೂಜಿ ನಂಬಬೇಕು. ನನ್ನ ಐಸ್ ನಂಬಲಿಲ್ಲಂದ್ರ ಏನಾಗತೈತಿ? ಸರಬತ್ತು ಕುಡಿಯೂದು ಬಿಡ್ತಾರ, ಅಷ್ಟ."

ಮೂರು ದಿನದಲ್ಲಿ ಮೂವತ್ತು ಮಕ್ಕಳು ಸಿಕ್ಕರು. ಒಂದು ಹೆಣ್ಣುಕೂಸು ಸಿಗಲಿಲ್ಲ. ಅದರ ತಂದೆ ತಾಯಿ ಶುಕ್ರವಾರವೇ ತಾಡಪಾಲು ಕಿತ್ತುಕೊಂಡು ಹೋಗಿದ್ದರು. ತಂದೆ ವೆಲ್ಡಿಂಗ್ ಕೆಲಸದವನು, ಮೂಗಿನ ಮೇಲೆ ಸುಟ್ಟ ಕಲೆ ಇದೆ ಎನ್ನುವುದು ಬಿಟ್ಟರೆ ಅಕ್ಕಪಕ್ಕದವರಿಗೆ ಏನೂ ಗೊತ್ತಿರಲಿಲ್ಲ. ಆ ಸಂಜೆ ಸಾಹುಕಾರರು ತಮ್ಮ ಟವೆಲ್ಲಿನ ತುದಿಗೆ ಒಂದು ಗಂಟು ಹಾಕಿದರು. ಮರೆಯಬಾರದ ಕೆಲಸವಿದ್ದರೆ ನಮ್ಮ ಕಡೆ ಗಂಡಸರು ಟವೆಲ್ಲಿಗೆ, ಹೆಂಗಸರು ಸೆರಗಿಗೆ ಗಂಟು ಹಾಕುವುದುಂಟು. ಸಾಮಾನ್ಯವಾಗಿ ಅದು ಸಂಜೆಯೊಳಗೆ ಬಿಚ್ಚುತ್ತದೆ. ಇದು ಬಿಚ್ಚಲಿಲ್ಲ.

ಐಸಿಗೆ ಬಂದ ಪ್ರತಿಯೊಬ್ಬ ಡ್ರೈವರನ್ನೂ ಅವರು ಕೇಳತೊಡಗಿದರು. ದೋಣಿಮಲೈ ಕಡೆ ಹೋಗುವವರನ್ನು, ತೋರಣಗಲ್ಲಿನ ಕಡೆಯಿಂದ ಬರುವವರನ್ನು, ಮೂಗಿನ ಮೇಲೆ ಸುಟ್ಟ ಕಲೆ ಇರುವ ವೆಲ್ಡರ್ ಕಂಡನೇ ಎಂದು. ಡ್ರೈವರುಗಳು ಚೇಷ್ಟೆ ಮಾಡುತ್ತಿದ್ದರು. "ಮೊದ್ಲ ಐಸ್ ಕೊಡ್ರಿ ಸಾವ್ಕಾರ್ರ, ಪೊಲೀಸ್ ಕೆಲಸ ಆಮ್ಯಾಲ ಮಾಡೀರಂತ." ಅವರು ದಿಮ್ಮಿ ಒಡೆಯುತ್ತಲೇ ಮತ್ತೆ ಕೇಳುತ್ತಿದ್ದರು. ಟವೆಲ್ಲು ಒಗೆಯಲು ಹಾಕಿದಾಗಲೂ ಗಂಟು ಹಾಗೇ ಇರಬೇಕೆಂದು ಮನೆಯಲ್ಲಿ ಹೇಳಿದ್ದರಂತೆ.

ಒಂದು ತಿಂಗಳ ಮೇಲಾಗಿತ್ತು. ಒಬ್ಬ ಡ್ರೈವರು ಕುರೆಕುಪ್ಪದಲ್ಲಿ ಅಂಥವನೊಬ್ಬನಿದ್ದಾನೆ ಎಂದು ಸುದ್ದಿ ತಂದ. ಸಾಹುಕಾರರು ನೇರ ನಮ್ಮ ಆಸ್ಪತ್ರೆಗೆ ಬಂದು, ಡಬ್ಬಿ ತಗೊ ಎಂದರು. ಅಷ್ಟು ಹೊತ್ತಿಗೆ ಅವರು ಪ್ಯಾಕ್‌ಗಳನ್ನು ಕಿವಿಗೆ ಹಿಡಿದು ಕೇಳುವುದನ್ನು ಕಲಿತಿದ್ದರು. ಒಳಗೆ ನೀರು ಆಡತೊಡಗಿದ ಪ್ಯಾಕ್ ಇಟ್ಟರೆ ಸೀಸೆ ಹೆಪ್ಪುಗಟ್ಟುವುದಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ. ಆಟೊದಲ್ಲಿ ಕೂತು ದಾರಿಯಲ್ಲಿ ಎರಡು ಸಲ ಡಬ್ಬಿ ತೆಗೆಸಿ ಕೇಳಿದರು.

ಕೂಸು ಸೀರೆಯ ಜೋಳಿಗೆಯಲ್ಲಿ ಮಲಗಿತ್ತು. ತಾಯಿಗೆ ನನ್ನ ನೆನಪಿತ್ತು, ಇವರು ಯಾರೆಂದು ತಿಳಿಯಲಿಲ್ಲ. ಸಾಹುಕಾರರು ಮತ್ತೆ ಟವೆಲ್ಲು ಕೈಗೆ ತೆಗೆದುಕೊಂಡು ಅದೇ ಮಾತು ಹೇಳಿದರು. ಸೂಜಿ ಹಾಕಿದೆ, ಕೂಸು ಎದ್ದು ಕಿರುಚಿತು, ತಾಯಿ ಎದೆಗೆ ಹಾಕಿಕೊಂಡಳು. ಸಾಹುಕಾರರು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಗಂಟು ಬಿಚ್ಚಲು ನೋಡಿದರು. ತಿಂಗಳೊಪ್ಪತ್ತು ಐಸಿನ ನೀರು, ಧೂಳು ಕುಡಿದು ಅದು ಗೋಲಿಯಂತೆ ಬಿಗಿದಿತ್ತು. ಉಗುರಿನಿಂದ ಆಗಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಬಿಚ್ಚಿದ ಮೇಲೆ ಆ ತುದಿಯಿಂದಲೇ ಕಣ್ಣು ಒರೆಸಿಕೊಂಡರು. ಧೂಳು ಎಂದರು. ನಾನೂ ಧೂಳೇ ಎಂದೆ.

ಆಮೇಲೆ ಗಣಿ ನಿಂತಿತು. ಲಾರಿಗಳು ಹೋದವು, ಅವುಗಳ ಜೊತೆ ಐಸಿನ ವ್ಯಾಪಾರವೂ ಇಳಿಯಿತು. ಆಸ್ಪತ್ರೆಗೆ ಒಳ್ಳೆಯ ಫ್ರಿಜ್ಜು, ಜನರೇಟರು ಬಂದವು. ಅವರ ಐಸ್ ನಮಗೆ ಬೇಕಾಗಲಿಲ್ಲ. ಆದರೂ ಗುರುವಾರ ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಂದು ಕೂರುವುದು ತಪ್ಪಲಿಲ್ಲ. ಹೊಸದಾಗಿ ಬಂದ ಹುಡುಗಿಯರು ಮುಸಿಮುಸಿ ನಗುತ್ತ ಪ್ಯಾಕ್‌ಗಳನ್ನು ಅವರ ಕೈಗೆ ಕೊಡುತ್ತಿದ್ದರು. ಅವರು ಒಂದೊಂದನ್ನೂ ಕೇಳಿ, "ಇದು ಮಾತಾಡ್ತು, ಹೋಗ್ಲಿ" ಎಂದು ಕಳಿಸುತ್ತಿದ್ದರು.

ಕೊರೊನಾ ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಮನೆಯಿಂದ ಹೊರಗೆ ಬರುವ ಹಾಗಿಲ್ಲ. ಪೇಪರಿನಲ್ಲಿ ಓದಿ ನನಗೆ ಫೋನು ಮಾಡಿದರು. ಹೊರದೇಶದಲ್ಲಿ ಎಂಆರ್‌ಎನ್‌ಎ ಎಂಬ ಹೊಸ ಲಸಿಕೆ ಬಂದಿದೆಯಂತೆ, ಅದಕ್ಕೆ ಸೊನ್ನೆಗಿಂತ ಎಪ್ಪತ್ತು ಡಿಗ್ರಿ ಕೆಳಗಿನ ಚಳಿ ಬೇಕಂತೆ, ನಿಜವೇ? ನನ್ನ ಐಸ್ ಅದರ ಮುಂದೆ ಕಾದ ಹಂಚು ಎಂದು ನಕ್ಕರು. ನನಗೆ ತಿಳಿದಷ್ಟು ಹೇಳಿದೆ. ಇದರಲ್ಲಿ ರೋಗದ ಹುಳ ಇರುವುದಿಲ್ಲ, ಹೀಗೆ ಮಾಡು ಎಂದು ಮೈಗೆ ಬರೆದ ಒಂದು ಚೀಟಿ ಇರುತ್ತದೆ. ಆ ಚೀಟಿ ಬಲು ನಾಜೂಕು, ತಾನಾಗಿಯೇ ಹರಿದುಹೋಗುತ್ತದೆ. ಅದಕ್ಕೇ ಕೂದಲೆಳೆಯ ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣ ಕೊಬ್ಬಿನ ಗುಳ್ಳೆಯಲ್ಲಿ ಸುತ್ತಿಡುತ್ತಾರೆ, ನ್ಯಾನೊ ಕಣ ಎನ್ನುತ್ತಾರೆ. ಗುಳ್ಳೆಯೂ ಚೀಟಿಯೂ ಕೆಡದಿರಲಿ ಎಂದು ಅಷ್ಟು ಚಳಿ.

"ಮಜ್ಜಿಗ್ಯಾಗ ಬೆಣ್ಣಿ ಹನಿ ತೇಲ್ತಾವಲ್ಲ, ಹಂಗ?"

ಸುಮಾರು ಹಾಗೇ ಎಂದೆ.

"ಹಂಗಾದ್ರ ಹೊದಿಕಿ ಗಟ್ಟಿ ಮಾಡ್ರಿ ಅನ್ನು ಅವ್ರಿಗೆ. ಐಸಿನ ಮ್ಯಾಲ ಬಿಡಬ್ಯಾಡ್ರಿ ಅನ್ನು. ಐಸ್ ನಂಬಿದ್ರ ಐಸ್ ಇಡಾವನ್ನ ನಂಬಬೇಕಾಗತೈತಿ. ಅಂವ ನನ್ನಂಥಾವ ಇರ್ತಾನ ಯವ್ವಾ."

ಅವರ ಜೊತೆ ಆಡಿದ ಕೊನೆಯ ದೊಡ್ಡ ಮಾತು ಅದು. ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಕೊರೊನಾದಿಂದಲ್ಲ, ವಯಸ್ಸಾಗಿ. ಸುದ್ದಿ ಬಂದದ್ದು ಗುರುವಾರ ಬೆಳಗ್ಗೆ. ನಾನು ಲಸಿಕೆ ಮುಗಿಸಿಕೊಂಡೇ ಹೋದೆ. ಬಿಟ್ಟು ಹೋಗಿದ್ದರೆ ಅವರಿಗೆ ಸರಿಬರುತ್ತಿರಲಿಲ್ಲ. ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೆಗಲ ಮೇಲೆ ಒಗೆದ ಟವೆಲ್ಲು ಹಾಕಿದ್ದರು. ನಾನು ನೋಡಿದ್ದು ಕಿವಿಯನ್ನು. ಬಲಗಿವಿಯ ಹಾಲೆ ಎಡಗಿವಿಯ ಹಾಗೆಯೇ ಬೆಳ್ಳಗಿತ್ತು.

ನಿವೃತ್ತಿಗೆ ತಿಂಗಳಿರುವಾಗ ಬಳ್ಳಾರಿಯಲ್ಲಿ ನನ್ನ ಕೊನೆಯ ತರಬೇತಿ ನಡೆಯಿತು. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದು, ಆ ಎಂಆರ್‌ಎನ್‌ಎ ಲಸಿಕೆಗಳ ಕೊಬ್ಬಿನ ಗುಳ್ಳೆಯನ್ನು ಬೇರೆ ರೀತಿ ಕಟ್ಟಿ, ನೀರು ತೆಗೆದು ಪುಡಿ ಮಾಡಿ, ಸಾಮಾನ್ಯ ಫ್ರಿಜ್ಜಿನಲ್ಲೇ ಇಡುವ ಹಾಗೆ ಮಾಡುತ್ತಿದ್ದಾರೆ, ನಮ್ಮ ದೇಶದಲ್ಲೂ ಆಗಿದೆ, ಮುಂದೆ ಫ್ರಿಜ್ಜಿನ ಹೊರಗೂ ಕೆಡದಂಥದ್ದು ಬರಲಿ ಎಂದು ಇನ್ನೂ ದುಡಿಯುತ್ತಿದ್ದಾರೆ ಎಂದರು. ಹೊದಿಕೆ ಗಟ್ಟಿ ಮಾಡುತ್ತಿದ್ದಾರೆ ಎಂದೇ ನನಗೆ ಕೇಳಿಸಿತು. ಪಕ್ಕದವರು ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ತೆಗೆಯಲಿಲ್ಲ. ಸಾಹುಕಾರರಿಗೆ ಮರೆಯದೆ ಹೇಳಬೇಕು ಎಂದುಕೊಂಡು ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡೆ.

ಸಂಜೆ ಬಸ್ಸು ಕುರೆಕುಪ್ಪ ದಾಟುವಾಗ ಕೈ ಆ ಗಂಟಿಗೆ ತಗುಲಿತು. ಯಾರಿಗೆ ಹೇಳಲು ಹಾಕಿದ್ದು ಎಂದು ಆಗ ಹೊಳೆಯಿತು. ಸಂಡೂರು ಬರುವವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದೆ. ಬಿಚ್ಚಲಿಲ್ಲ.